ನಾನೂರರ ಹಗ್ಗ

ಹದಿನೈದು ಸೆಕೆಂಡಿಗೆ ನಲವತ್ತೊಂದು. ಬಲಗೈಯ ಮೂರು ಬೆರಳುಗಳನ್ನು ಓಡಿ ಬಂದು ನಿಂತ ಅವಳ ಎಡ ಮಣಿಕಟ್ಟಿನ ಮೇಲಿಟ್ಟು, ಹೆಬ್ಬೆರಳು ತಾಗದಂತೆ ಎತ್ತಿ ಹಿಡಿದು ಎಣಿಸಿದ್ದೆ. ಹೆಬ್ಬೆರಳಿಗೆ ತನ್ನದೇ ಒಂದು ನಾಡಿ ಇರುತ್ತದೆ, ಅದು ಲೆಕ್ಕ ಕೆಡಿಸುತ್ತದೆ. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿದಾಗ ಮೂವತ್ತೊಂದು. ಪುಸ್ತಕ ತೆರೆಯುವಷ್ಟು ಬೆಳಕು ಇನ್ನೂ ಇರಲಿಲ್ಲ. ಎರಡೂ ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡೆ.

"ಡಾಕ್ಟರಬಾಯಾರ, ಜೀವ ಐತೇನ ಇನ್ನ, ನೋಡ್ರಿ," ಎಂದಳು ಅವಳು, ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತು.

"ಅದ. ಮಾತಾಡಬ್ಯಾಡ, ಮಾತಾಡಿದ್ರ ಹೆಚ್ಚಾಗ್ತದ."

ನಾನು ಡಾಕ್ಟರಲ್ಲ. ಜಮಖಂಡಿಯಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಕೋರ್ಸಿನ ಕೊನೆಗೆ ಒಂದು ಕಿರುಪ್ರಬಂಧ ಬರೆಯಬೇಕಿತ್ತು, ನಾನು ವಿದ್ಯಾರ್ಥಿಗಳ ಹೃದಯ ಬಡಿತವನ್ನು ಆರಿಸಿಕೊಂಡಿದ್ದೆ. ಶ್ರಮದ ನಂತರ ಬಡಿತ ಎಷ್ಟು ಬೇಗ ಇಳಿಯುತ್ತದೆ ಎನ್ನುವುದು ನನ್ನ ಪ್ರಶ್ನೆ. ವಿಭಾಗದ ಪಡಸಾಲೆಯಲ್ಲಿ ಒಂದು ಮರದ ಬೆಂಚು ಇಟ್ಟು, ಹುಡುಗಿಯರನ್ನು ಒಬ್ಬೊಬ್ಬರಾಗಿ ಮೂರು ನಿಮಿಷ ಹತ್ತಿಸಿ ಇಳಿಸಿ ನಾಡಿ ಎಣಿಸುತ್ತಿದ್ದೆ. ಎರಡನೇ ಮಹಡಿಯ ತರಗತಿಗೆ ಹೋಗುವಾಗ ಬಾಗಿಲ ಹತ್ತಿರ ನಿಂತು ಎದೆ ಮೇಲೆ ಕೈಯಿಟ್ಟು ಉಸಿರು ತಗೊಂಡು ಒಳಗೆ ಹೋಗುವುದು ನಮಗೆಲ್ಲ ರೂಢಿಯಾಗಿತ್ತು, ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಬೆಂಚಿನಿಂದ ಇಳಿದ ಮೇಲೆ ಎಷ್ಟೋ ಜನರ ಬಡಿತ ನಿಮಿಷ ಕಳೆದರೂ ಇಳಿಯುತ್ತಿರಲಿಲ್ಲ. ಅವರು ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನವರು. ನನ್ನ ಸ್ವಂತ ಅಂಕಿಯನ್ನೂ ಬರೆದೆ. ಅದು ಪಟ್ಟಿಯ ಕೆಳಭಾಗದಲ್ಲಿತ್ತು.

ಅಳತೆಗೆ ಮೊದಲು ಒಂದು ಹಾಳೆ ತುಂಬಿಸಿಕೊಳ್ಳುತ್ತಿದ್ದೆ. ಅದರಲ್ಲಿ 'ವ್ಯಾಯಾಮ ಮಾಡುತ್ತೀರಾ' ಎಂಬ ಪ್ರಶ್ನೆಯಿತ್ತು. ಈಗ ನಸುಕಿನಲ್ಲಿ ಓಡುವ ಅವಳು ಆಗ 'ಇಲ್ಲ' ಎಂದು ಬರೆದಿದ್ದಳು. ಬೆಂಚಿನಿಂದ ಇಳಿದ ಮೇಲೆ ಅವಳ ಬಡಿತ ಬೇರೆಯವರಿಗಿಂತ ಬೇಗ ಇಳಿಯಿತು. ಯಾಕೆ ಎಂದು ಕೇಳಿದೆ. ಅವಳು ಬನಹಟ್ಟಿಯ ನೇಕಾರರ ಮನೆಯವಳು. ಹಾಸ್ಟೆಲ್ ಸೇರುವ ತನಕ ದಿನಕ್ಕೆ ನಾಲ್ಕೈದು ತಾಸು ನಿಂತುಕೊಂಡೇ ಎರಡು ಪವರ್‌ಲೂಮ್ ನೋಡಿಕೊಳ್ಳುತ್ತಿದ್ದಳಂತೆ. ಎಳೆ ಹರಿದಾಗೆಲ್ಲ ಈ ಮಗ್ಗದಿಂದ ಆ ಮಗ್ಗಕ್ಕೆ ಓಡಾಟ.

"ಅದು ವ್ಯಾಯಾಮ ಅಲ್ಲೇನು?" ಎಂದೆ.

"ಅದು ಕೆಲಸ," ಎಂದಳು.

ಹಾಗೆ ನಮ್ಮ ಪರಿಚಯವಾಯಿತು. ಅವಳು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಿದ್ದಳು. ಬರಹದ ಪರೀಕ್ಷೆಗೆ ಅವಳಿಗೆ ಹೆದರಿಕೆಯಿರಲಿಲ್ಲ. ಓಟದ ಹೆದರಿಕೆಯಿತ್ತು: ನಾನೂರು ಮೀಟರ್, ಎರಡು ನಿಮಿಷ. ಹೋದ ಸಲ ಅದರಲ್ಲೇ ಹೊರಬಿದ್ದಿದ್ದಳು. ರಬಕವಿಯಿಂದ ಒಂದು ಸಂಬಂಧ ಬಂದಿತ್ತು. ಈ ಸಲವೂ ಆಗದಿದ್ದರೆ ಆ ಮನೆಯವರಿಗೆ ಹೂಂ ಅನ್ನುವುದು ಎಂದು ಅಪ್ಪ ಮಗಳ ನಡುವೆ ಮಾತಾಗಿತ್ತು. ಆ ಹುಡುಗನ ಬಗ್ಗೆ ಅವಳು ಕೆಟ್ಟದ್ದೇನೂ ಹೇಳುತ್ತಿರಲಿಲ್ಲ. "ಅಲ್ಲಿನೂ ನಾಕ ಮಗ್ಗ ಅದಾವ. ಈ ಮನ್ಯಾಗಿಂದ ಎದ್ದು ಆ ಮನ್ಯಾಗ ನಿಂದರೂದು, ಅಷ್ಟ," ಎಂದು ಒಮ್ಮೆ ಹೇಳಿದ್ದಳು.

ದಿನಾ ಓಡುವ ಒಬ್ಬರ ಅಂಕಿಗಳು ನನಗೆ ಬೇಕಿದ್ದವು. ಗಡಿಯಾರ ಹಿಡಿಯುವ ಒಬ್ಬರು ಅವಳಿಗೆ ಬೇಕಿದ್ದರು. ಕಾಲೇಜಿನ ಮೈದಾನದಲ್ಲಿ ಹುನ್ನೂರ, ಚಿಮ್ಮಡದಿಂದ ಸೈನ್ಯ, ಪೊಲೀಸ್ ಎಂದು ತಯಾರಿಗೆ ಬರುವ ಹುಡುಗರು ನಸುಕಿನಿಂದಲೇ ತುಂಬಿರುತ್ತಿದ್ದರು. ಅವರು ಏನೂ ಅನ್ನುತ್ತಿರಲಿಲ್ಲ, ಬರೇ ನೋಡುತ್ತಿದ್ದರು. ಆದ್ದರಿಂದ ಹಾಸ್ಟೆಲ್ ಹಿಂದಿನ ಖಾಲಿ ಜಾಗವನ್ನು ಆರಿಸಿಕೊಂಡೆವು. ಮನೆ ಕಟ್ಟಲೆಂದು ಪ್ಲಾಟು ಮಾಡಿ, ಯಾರೂ ಕಟ್ಟದೆ ಬಿಟ್ಟಿದ್ದ ಜಾಗ ಅದು. ಸುತ್ತ ಒಂದು ಕಾಲುದಾರಿಯಿತ್ತು. ಆ ದಾರಿಯಲ್ಲಿ ನಾನೂರು ಮೀಟರ್ ಅಳೆದು ಗುರುತು ಮಾಡಬೇಕಿತ್ತು.

ಇಲ್ಲಿ ಒಂದು ವಿಷಯ ಬರೆಯಲೇಬೇಕು. ನಮ್ಮ ಮನೆಯಲ್ಲಿ ಅಳೆಯುವ ಟೇಪು ಇತ್ತು. ನಮ್ಮದು ಜಮಖಂಡಿಯ ಹಳೆಯ ಮನೆತನ. ಹಿಂದೆ ಪೂಜೆ ಪೌರೋಹಿತ್ಯ, ಆಮೇಲೆ ಕಚೇರಿ ನೌಕರಿ. ಅಪ್ಪ ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತೊಗಲಿನ ಚೀಲದಲ್ಲಿರುವ ಮೂವತ್ತು ಮೀಟರಿನ ಟೇಪು ಅವರ ಕಪಾಟಿನಲ್ಲೇ ಇತ್ತು. ಅದನ್ನು ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ನಸುಕಿನಲ್ಲಿ ನಾನು ವಿಭಾಗಕ್ಕೆ ಹೋಗುತ್ತೇನೆಂದು ಮನೆಯಲ್ಲಿ ತಿಳಿದಿದ್ದರು, ಬಯಲಿಗೆ ಹೋಗುವುದು ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಅಜ್ಜಿ ಮರಾಠಿಯಲ್ಲಿ "ಕಶಾಲಾ ಗ," ಯಾಕವ್ವ ಇದೆಲ್ಲ, ಎಂದು ಕೇಳಿ ಸುಮ್ಮನಾಗುತ್ತಿದ್ದಳು. ಯಾರೂ ತಡೆಯುತ್ತಿರಲಿಲ್ಲ. ಕೇಳದ ಹೊರತು ಹೇಳದಿರುವುದು ನನ್ನ ಅಭ್ಯಾಸ, ಅಷ್ಟೇ.

"ನಮ್ಮ ಮನ್ಯಾಗ ಹಾಸಿನ ಡ್ರಮ್ ಐತೆಲ್ಲ. ಅಪ್ಪ ಹಗ್ಗಾ ಅಳದ ಕೊಡ್ತಾನ, ನಡಿ," ಎಂದಳು ಅವಳು.

ಒಂದು ರವಿವಾರ ಬನಹಟ್ಟಿಗೆ ಹೋದೆವು. ಅವರ ಓಣಿಯಲ್ಲಿ ಎರಡೂ ಬದಿಯ ಮನೆಗಳಿಂದ ಮಗ್ಗದ ಸದ್ದು. ಅಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ, ಪಿಸುಮಾತೂ ಕೂಗಿಯೇ ಆಗಬೇಕು. ಮುಂದಿನ ಕೋಣೆಯಲ್ಲಿ ಆಳೆತ್ತರದ ಕಟ್ಟಿಗೆಯ ಡ್ರಮ್. ಸೀರೆಯ ಉದ್ದದ ಎಳೆಗಳನ್ನು, ಅಂದರೆ ಹಾಸನ್ನು, ಅದರ ಮೇಲೆ ಸುತ್ತಿ ಅಳೆಯುತ್ತಾರೆ. ಪಕ್ಕಕ್ಕೆ ಒಂದು ಎಣಿಕೆಯ ಯಂತ್ರ ಕೂಡಿಸಿದ್ದರು. ಡ್ರಮ್ ತಿರುಗಿದಂತೆ ಅದರಲ್ಲಿ ಅಂಕಿಗಳು ಉರುಳುತ್ತಿದ್ದವು. ಅದು ಅವಳ ಅಜ್ಜನ ಕಾಲದ್ದು.

ಅವಳ ಅಪ್ಪ ಬಿಳಿ ನೂಲಿನ ಹಗ್ಗದ ತುದಿಯನ್ನು ಡ್ರಮ್ಮಿಗೆ ಸಿಕ್ಕಿಸುತ್ತ, "ಓಡಾಕ ಅಂತ ಹಾಸು ಸುತ್ತೂದು ಇದ ಮೊದಲ ನೋಡ ತಂಗಿ. ಎಷ್ಟ ಬೇಕು?" ಎಂದರು.

"ನಾನೂರರಿ, ಕಾಕಾ."

"ನಾನೂರ ಅಂದ್ರ ನಾನೂರ. ಒಂದ ಬೆರಳ ಹೆಚ್ಚಾಗಂಗಿಲ್ಲ, ಒಂದ ಬೆರಳ ಕಮ್ಮಿ ಆಗಂಗಿಲ್ಲ."

ನಾನು ಯಂತ್ರದ ಪಕ್ಕವೇ ನಿಂತು ಅಂಕಿ ನಾನೂರಕ್ಕೆ ನಿಲ್ಲುವವರೆಗೂ ನೋಡಿದೆ. ಅವಳ ಅವ್ವ ಚುರುಮುರಿ, ಚಹಾ ತಂದಿಟ್ಟು, "ಪೊಲೀಸ ಆದ ಮ್ಯಾಲ ಮೊದಲ ನಮ್ಮ ಓಣ್ಯಾಗಿನ ಹಂದಿ ಹಿಡಿ ಅಂತ ಹೇಳೀನಿ," ಎಂದಳು. "ಹಂದಿ ಹಿಂದ ಓಡಿದ್ರ ಎರಡ ನಿಮಿಷ ಬೇಕಾಗಂಗಿಲ್ಲ ಬೇ," ಎಂದಳು ಮಗಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಕಾಲುದಾರಿಯ ಉದ್ದಕ್ಕೂ ಹಗ್ಗ ಹಾಸಿ, ಎರಡೂ ತುದಿಗೆ ಸುಣ್ಣ ಬಳಿದ ಕಲ್ಲಿಟ್ಟೆವು. ಹಗ್ಗವನ್ನು ಅವಳು ಮುಂದಿನ ವಾರ ಮನೆಗೆ ಮುಟ್ಟಿಸಿದಳು. ಮೊದಲ ದಿನ ಅವಳ ಓಟ ಎರಡು ನಿಮಿಷ ಎಂಟು ಸೆಕೆಂಡು. ಕಬ್ಬಿನ ಹಂಗಾಮು ಆಗ ಜೋರಾಗಿತ್ತು. ಟ್ರ್ಯಾಕ್ಟರುಗಳು ಎರಡೆರಡು ಗಾಡಿ ಎಳೆದುಕೊಂಡು ಹಾಡು ಹಚ್ಚಿಕೊಂಡು ರಸ್ತೆಯಲ್ಲಿ ಹೋಗುತ್ತಿದ್ದವು. ಹಂಗಾಮು ಮುಗಿಯುವ ಹೊತ್ತಿಗೆ ಅವಳು ಒಂದು ನಿಮಿಷ ಐವತ್ತೆರಡಕ್ಕೆ ಬಂದಿದ್ದಳು. ಆ ಅಂಕಿಯನ್ನು ಅವಳು ಮನೆಗೆ ಫೋನ್ ಮಾಡಿ ಹೇಳಿದಳು. ಅಪ್ಪ ಓಣಿಗೆಲ್ಲ ಹೇಳಿದರು: ಮಗಳು ನನ್ನ ಹಗ್ಗದ ಮೇಲೆ ಓಡಿ ಓಡಿ ಎಂಟು ಸೆಕೆಂಡು ಉಳಿಸುತ್ತಿದ್ದಾಳೆ ಎಂದು.

ಪರೀಕ್ಷೆಗೆ ಹನ್ನೆರಡು ದಿನ ಇರುವಾಗ, ನಿಜವಾದ ಟ್ರ್ಯಾಕಿನ ಮೇಲೆ ಒಮ್ಮೆ ಓಡಿ ನೋಡೋಣವೆಂದು ಮುಧೋಳಕ್ಕೆ ಹೋದೆವು. ಅಲ್ಲಿ ಕ್ರೀಡಾಕೂಟಕ್ಕೆಂದು ಸುಣ್ಣದ ಗೆರೆ ಹಾಕಿದ ಮೈದಾನವಿತ್ತು. ಅವಳು ಓಡಿದಳು. ಎರಡು ನಿಮಿಷ ಮೂರು ಸೆಕೆಂಡು.

"ಇವತ್ತ ಕಾಲ ಬರಲಿಲ್ಲ," ಎಂದು ನೆಲದ ಮೇಲೆ ಕುಳಿತಳು.

ನಾನು ನಾಡಿ ಎಣಿಸಿದೆ. ಬಡಿತವೂ ಅದು ಇಳಿದ ಬಗೆಯೂ ಎಂದಿನಂತೆಯೇ ಇದ್ದವು. ದೇಹ ದಣಿದಿದ್ದರೆ, ಜಡ್ಡಾಗಿದ್ದರೆ ಅದು ಅಲ್ಲಿ ಕಾಣಬೇಕಿತ್ತು. ಬಸ್ಸಿನಲ್ಲಿ ಹಿಂತಿರುಗುವಾಗ ಅವಳು ಕಿಟಕಿಗೆ ತಲೆ ಕೊಟ್ಟು ಮಲಗಿದ್ದಳು. ಕಾಲು ಅಷ್ಟೇ ಓಡಿದೆ, ದಾರಿ ಬೇರೆಯಾಗಿದೆ ಎಂದು ನನಗೆ ಅನ್ನಿಸಿತು.

ಸೋಮವಾರ ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗಿದಾಗ ಕಪಾಟಿನಿಂದ ಟೇಪು ತೆಗೆದುಕೊಂಡು ಹೋದೆ. ಟೇಪಿನ ಒಂದು ತುದಿಗೆ ಕಲ್ಲು ಹೇರಿ, ನಮ್ಮ ಎರಡು ಗುರುತುಗಳ ನಡುವಿನ ದಾರಿಯನ್ನು ಒಬ್ಬಳೇ ಅಳೆದೆ. ನಂಬಿಕೆಯಾಗದೆ ಎರಡನೇ ಸಲ ಅಳೆದೆ. ಮುನ್ನೂರ ಅರವತ್ತಾರು ಮೀಟರಿಗೂ ಸ್ವಲ್ಪ ಕಡಿಮೆ. ನಾನೂರರಿಂದ ಭಾಗಿಸಿದಾಗ ತೊಂಬತ್ತೊಂದು ಸೆಂಟಿಮೀಟರ್ ಬಂತು, ಕೂಡಲೇ ತಿಳಿಯಿತು. ಆ ಡ್ರಮ್ ಮೂರಡಿಯ ಗಜದ ಲೆಕ್ಕದ್ದು. ಸೀರೆಯನ್ನು ಗಜದಲ್ಲಿ ಎಣಿಸುತ್ತಿದ್ದ ಕಾಲದಲ್ಲಿ ಮಾಡಿಸಿದ ಡ್ರಮ್. ಆ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ಆದ್ದರಿಂದ ಯಾರೂ ಹೇಳುವುದಿಲ್ಲ. ನನಗೆ ಮೀಟರ್ ಎಂಬುದು ಗೊತ್ತಿರುವ ಸಂಗತಿ, ಆದ್ದರಿಂದ ನಾನೂ ಹೇಳಿರಲಿಲ್ಲ. ಎಂಟು ಸೆಕೆಂಡು ಉಳಿದಿದೆ ಎಂದು ನಾವು ತಿಳಿದುಕೊಂಡಿದ್ದೆವು. ನಿಜವಾಗಿ ಇನ್ನೂ ಎರಡೋ ಮೂರೋ ಸೆಕೆಂಡು ಇಳಿಸಬೇಕಾಗಿತ್ತು.

ಆ ಸಂಜೆಯೇ ಅವಳಿಗೆ ಹೇಳಬೇಕಿತ್ತು. ಹೇಳಿದರೆ ಧೈರ್ಯ ಕೆಡುತ್ತದೆ, ಹನ್ನೊಂದು ದಿನ ಹೆದರಿಕೆಯಲ್ಲೇ ಹೋಗುತ್ತದೆ ಎಂದುಕೊಂಡೆ. ಗೊತ್ತಿಲ್ಲದೆಯೇ ಸರಿಯಾದ ದೂರ ಓಡಿಸಿದರೆ ದೇಹ ತಾನೇ ಹೊಂದಿಕೊಳ್ಳುತ್ತದೆ ಎಂದುಕೊಂಡೆ. ಈಗ ಆ ಯೋಚನೆಯನ್ನು ನೋಡಿದರೆ ಅದರಲ್ಲಿ ಅವಳ ಕಾಳಜಿ ಎಷ್ಟಿತ್ತು, ನನ್ನ ತಪ್ಪು ಹೊರಗೆ ಬರಬಾರದೆಂಬುದು ಎಷ್ಟಿತ್ತು ಎಂದು ಬೇರ್ಪಡಿಸಲು ನನಗೆ ಆಗುವುದಿಲ್ಲ. ಮಂಗಳವಾರ ನಸುಕಿನಲ್ಲಿ ಅವಳಿಗಿಂತ ಮೊದಲೇ ಹೋಗಿ ಓಟ ಶುರುವಾಗುವ ಕಲ್ಲನ್ನು ಮೂವತ್ತನಾಲ್ಕು ಮೀಟರ್ ಹಿಂದಕ್ಕೆ ಸರಿಸಿದೆ.

"ಅಲ್ಲೆ ಟ್ರ್ಯಾಕ್ಟರ್ ಹೊಳ್ಳಿಸಿ ತಗ್ಗು ಬಿದ್ದದ. ಎರಡೂ ಕಲ್ಲು ಸರಿಸೀನಿ, ಅಷ್ಟ ಆಗ್ತದ," ಎಂದೆ.

ಅವಳು ಮುಗಿಯುವ ಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮಾತು ಅಳತೆಯ ಮಾತಾಗಿದ್ದರೆ ಅವಳು ಮರುಪ್ರಶ್ನೆ ಮಾಡುತ್ತಿರಲಿಲ್ಲ.

ಆ ದಿನ ಎರಡು ನಿಮಿಷ ಮೂರು ಸೆಕೆಂಡು. ಬುಧವಾರ ನಾಲ್ಕು. ಗುರುವಾರ ಮತ್ತೆ ನಾಲ್ಕು. ಶುಕ್ರವಾರ ಐದು. ಒಂದು ಓಟ ಮುಗಿಸಿ ದಮ್ಮು ತಿರುಗುವ ಮೊದಲೇ ಇನ್ನೊಂದು ಓಡುತ್ತಿದ್ದಳು. ಬೇಡವೆಂದರೆ ಕೇಳುತ್ತಿರಲಿಲ್ಲ. ಎದ್ದ ಕೂಡಲೇ ಹಾಸಿಗೆಯಲ್ಲೇ ನಾಡಿ ಎಣಿಸಿ ನನಗೆ ಹೇಳುವುದು ಅವಳ ರೂಢಿ. ನಿಮಿಷಕ್ಕೆ ಅರವತ್ತನಾಲ್ಕರ ಆಸುಪಾಸಿನಲ್ಲೇ ಇರುತ್ತಿದ್ದುದು ಗುರುವಾರ ಎಪ್ಪತ್ತೆರಡಾಯಿತು, ಶನಿವಾರ ಎಪ್ಪತ್ತೆಂಟು. ನಿದ್ದೆ ಇಲ್ಲದಾಗ, ವಿಶ್ರಾಂತಿ ಇಲ್ಲದಾಗ ಹಾಗೆ ಏರುತ್ತದೆ. ಅದನ್ನು ನಾನು ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಬರೆದಿದ್ದೆ.

ಶನಿವಾರ ಓಟಕ್ಕೆ ಮೊದಲು ಅವಳು ಕೇಳಿದಳು: "ಹಾರ್ಟಿಂದು ಏನರ ಇರಬಹುದೇನ? ಖರೆ ಹೇಳು. ನೀ ದಿನಾ ನೋಡ್ತಿ."

"ಇಲ್ಲ. ನಿನ್ನ ಎದಿ ಛಲೋ ಅದ," ಎಂದೆ. "ಹಗ್ಗ ಕಮ್ಮಿ ಇತ್ತು. ಅದು ಗಜದ ಲೆಕ್ಕದ್ದು. ನಾ ಅಳದು ಕಲ್ಲು ಹಿಂದ ಇಟ್ಟೀನಿ. ಈಗ ಓಡ್ಲಿಕ್ಕತ್ತಿದ್ದು ನಾನೂರು ಮೀಟರ್."

ಅವಳು ಸರಿಸಿದ ಕಲ್ಲಿನಿಂದ ಹಳೆಯ ಗುರುತಿನ ತನಕ ನಡೆದು ಹೋಗಿ ಬಂದಳು. ಆಮೇಲೆ, "ಯಾವಾಗ ಗೊತ್ತಾತು?" ಎಂದಳು.

"ಸೋಮವಾರ."

"ನಾಕ ದಿನ." ಅವಳ ದನಿ ಏರಲಿಲ್ಲ. "ನಾಕ ದಿನ ನನ್ನ ಎದಿ ಕೆಟ್ಟೈತಿ ಅಂತ ತಿಳಕೊಂಡು ನಾ ಸಾಯಾಕತ್ತಿದ್ದೆ. ನೀ ದಿನಾ ಬಂದು ಕೈ ಹಿಡದು ಎಣಿಸಿ ಬರಕೊಂಡ ಹೋದಿ. ಎಷ್ಟ ಏರಿತು, ಎಷ್ಟ ಇಳೀತು. ಇದನ್ನೂ ಬರಕೋ ನಿನ್ನ ಪುಸ್ತಕದಾಗ."

ಹೋಗುವಾಗ ಅವಳು ಒಂದೇ ಮಾತು ಹೇಳಿದಳು: "ನಮ್ಮಪ್ಪಗ ಇದು ಗೊತ್ತಾಗಬಾರದು."

ರವಿವಾರ ಅವಳು ಬರಲಿಲ್ಲ. ಸೋಮವಾರ ಬಂದಳು. ಮುಂದಿನ ಮೂರು ದಿನ ನಾನು ಗಡಿಯಾರ ಹಿಡಿದೆ, ಅವಳು ಓಡಿದಳು. ಬೆಳಗಿನ ನಾಡಿ ಅರವತ್ತಾರಕ್ಕೆ ಇಳಿದಿದೆ ಎಂದಷ್ಟೇ ಹೇಳಿದಳು. ಓಟ ಎರಡು ನಿಮಿಷ ಎರಡು, ಆಮೇಲೆ ಒಂದು. ಓಟ ಮುಗಿದ ಮೇಲೆ ಮಣಿಕಟ್ಟು ಮುಂದೆ ಮಾಡಲಿಲ್ಲ, ನಾನೂ ಕೇಳಲಿಲ್ಲ.

ಪರೀಕ್ಷೆಯ ದಿನ ಅವಳ ಅಪ್ಪನೂ ಬಂದಿದ್ದರು. ಜಿಲ್ಲಾ ಕೇಂದ್ರದ ಆ ಮೈದಾನದ ಗೇಟಿನ ಹೊರಗೆ, ಬೇರೆ ಬೇರೆ ಊರುಗಳಿಂದ ಬಂದ ಅಪ್ಪಂದಿರು, ಅಣ್ಣಂದಿರ ನಡುವೆ ನಾವಿಬ್ಬರು ಜಾಲರಿ ಹಿಡಿದು ನಿಂತೆವು. ಅಷ್ಟು ದೂರದಿಂದ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಹನ್ನೊಂದರ ಸುಮಾರಿಗೆ ಅವಳು ಬ್ಯಾಗು ಹೆಗಲಿಗೇರಿಸಿ ಹೊರಗೆ ಬಂದಳು.

"ಒಂದ ಸೆಕೆಂಡ್," ಎಂದಳು. ಎರಡು ನಿಮಿಷದ ಮೇಲೆ ಒಂದು.

ಆ ನಾಲ್ಕು ದಿನ ಅವಳು ನೆಮ್ಮದಿಯಿಂದ ಓಡಿದ್ದರೆ ಆ ಒಂದು ಸೆಕೆಂಡು ಸಿಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಅಳೆಯುವ ದಾರಿ ಇಲ್ಲ.

ಬೀಳಗಿ ಮೇಲೆ ಬರುವ ಬಸ್ಸು ಸಿಕ್ಕಿತು. ಬೀಳಗಿ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತಾಗ ಅವಳ ಅಪ್ಪ ಕೆಳಗಿಳಿದು ಮೂರು ಚಹಾ ತಂದರು. ಲೋಟ ನನ್ನ ಕೈಗೆ ಕೊಡುತ್ತ ಹೇಳಿದರು:

"ಅವರ ಗ್ರೌಂಡ್ ಹೆಚ್ಚೈತಿ, ತಂಗಿ."

ನಾನು ಅವಳ ಮುಖ ನೋಡಿದೆ. ಅವಳು ಚಹಾ ಕುಡಿಯುತ್ತಿದ್ದಳು.

"ಖರೆ ಹೇಳ್ತೀನಿ. ನಮ್ಮ ನಾನೂರಕ್ಕ ಐವತ್ತೆರಡ ಬಂದಾಕಿ ಇವರ ನಾನೂರಕ್ಕ ಯಾಕ ಬರಂಗಿಲ್ಲ? ಆ ತಿರುವಿನ್ಯಾಗ ಹೆಚ್ಚೈತಿ. ಹೌದಿಲ್ಲೋ?"

"ಹೌದಪ್ಪಾ, ಹೆಚ್ಚಿತ್ತು," ಎಂದಳು ಅವಳು, ಲೋಟದಿಂದ ತಲೆಯೆತ್ತದೆ.

"ನಾಳೆ ಹತ್ತರ ಬಸ್ಸಿಗೆ ಜಮಖಂಡಿಗೆ ಬರ್ತೀನಿ. ಕೋರ್ಟ್ ಮುಂದ ಕುಂತು ಅರ್ಜಿ ಟೈಪ್ ಮಾಡಸ್ತೀನಿ. ಸಾಹೇಬರ ಮುಂದ ನನ್ನ ಹಗ್ಗಾನ ಒಯ್ದು ಇಡ್ತೀನಿ. ಇದರಾಗ ಅಳೀರಿ ನಿಮ್ಮ ಗ್ರೌಂಡ್ ಅಂತೀನಿ. ನಲವತ್ತ ವರ್ಷ ಹಾಸು ಸುತ್ತೀನಿ, ಒಬ್ಬ ಗಿರಾಕಿ ಬಂದು ಕಮ್ಮಿ ಬಿತ್ತು ಅಂದಿಲ್ಲ."

ಜಮಖಂಡಿಯಲ್ಲಿ ಇಳಿದ ಮೇಲೆ ಅವರು ತಮಗೂ ಮಗಳಿಗೂ ಬನಹಟ್ಟಿ ಬಸ್ಸು ಎಲ್ಲಿದೆ ನೋಡಲು ಹೋದರು. ನಾವಿಬ್ಬರೇ ಉಳಿದೆವು.

"ನಾಳೆ ಹತ್ತರೊಳಗ ಹೇಳ್ತೀ ಏನು ಅವರಿಗೆ?" ಎಂದೆ.

"ಯಾವಾಗಾರ ಹೇಳ್ತೀನಿ. ನೀ ಸುಮ್ನಿರು," ಎಂದಳು. ಬ್ಯಾಗು ಇನ್ನೊಂದು ಹೆಗಲಿಗೆ ಬದಲಿಸಿ, "ಮಗಳ ಬಿದ್ದಳು ಅಂದ್ರ ತಡಕೋತಾನ. ಹಗ್ಗ ಬಿತ್ತು ಅಂದ್ರ ತಡಕೊಳ್ಳಂಗಿಲ್ಲ," ಎಂದಳು.

ಅವಳು ಹೇಳುವುದಿಲ್ಲವೆಂದು ನನಗೆ ಗೊತ್ತಾಯಿತು. ಆ ಹಗ್ಗವನ್ನು ಕಚೇರಿಯ ಮೇಜಿನ ಮೇಲಿಟ್ಟಾಗ ಯಾರೋ ಒಬ್ಬರು ಟೇಪು ತರಿಸಿ ಅದನ್ನೇ ಮೊದಲು ಅಳೆಯುತ್ತಾರೆ ಎಂಬುದೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬನಹಟ್ಟಿಗೆ ಹೋದೆ. ಎಲ್ಲಿಗೆಂದು ಅಮ್ಮ ಕೇಳುವ ಮೊದಲೇ ಹೇಳಿದೆ. ಓಣಿಯಲ್ಲಿ ಒಂದೆರಡು ಮಗ್ಗಗಳಷ್ಟೇ ಶುರುವಾಗಿದ್ದವು. ಅವಳ ಅಪ್ಪ ಜಳಕ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಗ್ಗವನ್ನು ಸುರುಳಿ ಸುತ್ತಿ ಕೈಚೀಲಕ್ಕೆ ತುಂಬುತ್ತಿದ್ದರು. ನನ್ನನ್ನು ನೋಡಿ, "ನೀನೂ ಬರ್ತಿಯೇನ ತಂಗಿ ಕೋರ್ಟಿಗೆ?" ಎಂದರು.

"ಕಾಕಾ, ಅವರ ಗ್ರೌಂಡ್ ಬರೋಬ್ಬರಿ ಅದರಿ," ಎಂದೆ. "ನಿಮ್ಮ ಹಗ್ಗಾನೂ ಬರೋಬ್ಬರಿ ಅದ. ನಾ ನಿಮಗ ನಾನೂರು ಅಂತಷ್ಟ ಹೇಳಿದೆ, ಮೀಟರ್ ಅಂತ ಹೇಳಲಿಲ್ಲ."

ಅವರು ಕೈಯಲ್ಲಿದ್ದ ಸುರುಳಿ ಬಿಟ್ಟು ಹೊಸ್ತಿಲ ಮೇಲೆ ಕುಳಿತರು. ಒಳಬಾಗಿಲಲ್ಲಿ ಅವಳು ಬಂದು ನಿಂತಿದ್ದು ಕಂಡಿತು.

"ಎಷ್ಟ ಕಮ್ಮಿ ಬಿತ್ತು?" ಎಂದರು.

"ಮೂವತ್ತನಾಲ್ಕು ಮೀಟರ್."

ಅವರು ಸುರುಳಿಯ ತುದಿಯನ್ನು ಎತ್ತಿ ಬೆರಳಿಗೆ ಸುತ್ತಿಕೊಂಡರು. "ಹೊಸ ಮಂದಿ ಬಂದ್ರ ಗಜೋ ಮೀಟರೋ ಅಂತ ಕೇಳ್ತೀನಿ. ಮಗಳ ಗೆಳತಿ ಅಂತ ಕೇಳಲಿಲ್ಲ," ಎಂದರು. ಆಮೇಲೆ, "ಮತ್ತ ನಿಮಗ ಯಾವಾಗ ಗೊತ್ತಾತು ಇದು? ನಿನ್ನೆ?" ಎಂದು ಕೇಳಿದರು.

ಅವಳು ಬಾಗಿಲಲ್ಲಿ ನಿಂತು ಬೇಡ ಎಂಬಂತೆ ತಲೆಯಾಡಿಸಿದಳು. ನಾನು ಅವರ ಪಕ್ಕದಲ್ಲಿ, ಹೊಸ್ತಿಲ ಕೆಳಗಿನ ಮೆಟ್ಟಿಲ ಮೇಲೆ ಕುಳಿತೆ. ಆ ನಾಲ್ಕು ದಿನಗಳ ವಿಷಯವನ್ನೂ ಹೇಳಿದೆ.